ಆಪ್ತಸಲಹೆ ಪ್ರಕರಣ: “ಇದ್ದ ಬ್ಯಾನಿನ ಚಲೋ ಇತ್ತು”

ಗುರುತು ಸಿಗದ ಹಾಗೆ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ವಯಸ್ಸು 38, ಗದಗ-ಬೆಟಗೇರಿಯವರು, ಮನೆಯಲ್ಲೇ ಜಂಪರ್ ಹೊಲಿಯುತ್ತಾರೆ. ತಾಯಿ ತೀರಿಕೊಂಡು ಐದು ತಿಂಗಳಾಗಿತ್ತು. ಮಷೀನ್ ಮುಂದೆ ಕೂತರೆ ಕಾಲು ಆಡುತ್ತಿರಲಿಲ್ಲ, ಬೆಳಗಿನ ಮೂರಕ್ಕೇ ಎಚ್ಚರ, ಊಟ ಬೇಡ, ಮಕ್ಕಳು ಮಾತಾಡಿಸಿದರೂ ಬೇಡ. ಮನೋವೈದ್ಯರು ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ ದಿನಕ್ಕೊಂದು ಬರೆದು, ಮಾತಾಡಲಿಕ್ಕೆ ನನ್ನ ಹತ್ತಿರ ಕಳಿಸಿದ್ದರು.

ಎರಡನೇ ಸಲ ಬಂದಾಗ ಗುಳಿಗೆ ಬಿಟ್ಟು ಎರಡು ದಿನ ಆಗಿತ್ತು.

“ನಾಲ್ಕ ಗುಳಿಗಿ ತಗೊಂಡೇನ್ರಿ ಮೇಡಮ್ಮಾರ. ಹೊಟ್ಟಿ ತೊಳಸ್ತೈತಿ, ಕೈ ನಡಗ್ತಾವ, ಎದಿ ಡವಡವ ಅಂತೈತಿ. ಇದ್ದ ಬ್ಯಾನಿನ ಚಲೋ ಇತ್ತು.”

ಮನೆಯಲ್ಲಿ ಎಲ್ಲರೂ ಅವರಿಗೆ ‘ಅದೆಲ್ಲ ನಿನ್ನ ಭ್ರಮೆ’ ಅಂದಿದ್ದರಂತೆ. ಭ್ರಮೆ ಅಲ್ಲ ಅಕ್ಕ, ಅದು ಗುಳಿಗೆಯದೇ ಅಂತ ನಾನು ಮೊದಲು ಹೇಳಿದೆ. ಈ ಔಷಧ ಕೆಲಸ ಮಾಡುವುದು ಸಿರೊಟೋನಿನ್ ಮೇಲೆ, ಅಂದರೆ ನರಗಳ ನಡುವೆ ಸುದ್ದಿ ಸಾಗಿಸುವ ಒಂದು ರಾಸಾಯನಿಕದ ಮೇಲೆ. ನಮ್ಮ ಮೈಯಲ್ಲಿ ಸಿರೊಟೋನಿನ್ ಹೆಚ್ಚಿನ ಪಾಲು ಇರುವುದು ಮೆದುಳಲ್ಲಲ್ಲ, ಕರುಳಲ್ಲಿ. ಹಾಗಾಗಿ ಹೊಟ್ಟೆಗೆ ಮೊದಲು ಗೊತ್ತಾಗುತ್ತದೆ. ಮನಸ್ಸಿಗೆ ಗೊತ್ತಾಗಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಇನ್ನೂ ಜಾಸ್ತಿ. ಅಂದರೆ ಮೊದಲ ಎರಡು ವಾರ ತೊಂದರೆ ಮಾತ್ರ ಕಾಣುತ್ತದೆ, ಉಪಕಾರ ಕಾಣುವುದಿಲ್ಲ, ಮತ್ತು ಬಹಳ ಜನ ಗುಳಿಗೆ ಬಿಡುವುದು ಸರಿಯಾಗಿ ಈ ನಡುವೆಯೇ. ಇದನ್ನು ಶುರುವಿನಲ್ಲೇ ಕೂರಿಸಿ ಹೇಳಬೇಕು. ಮೊದಲ ಭೇಟಿಯಲ್ಲಿ ನಾನು ಹೇಳಿರಲಿಲ್ಲ. ಆ ತಪ್ಪು ನನ್ನದು.

ಆಮೇಲೆ, ಗುಳಿಗೆ ಯಾವಾಗ ತಗೊಳ್ತಿದ್ರಿ ಅಂತ ಕೇಳಿದೆ. ಬೆಳಿಗ್ಗೆ ಆರಕ್ಕೆ, ಬರೀ ಹೊಟ್ಟೆಗೆ, ಚಹಾದ ಜೊತೆ. ರೊಟ್ಟಿ ಬಾಯಿಗೆ ಬೀಳುವುದು ಹತ್ತೂವರೆಗೆ, ನಡುವೆ ಇನ್ನೆರಡು ಚಹಾ. ಇನ್ನೇನಾದರೂ ಗುಳಿಗೆ? ಅವರು ಚೀಲದಿಂದ ಎರಡು ಸ್ಟ್ರಿಪ್ ತೆಗೆದರು. ಗ್ಯಾಸ್ ಆಗಿರಬೇಕು ಅಂತ ಯಜಮಾನರು ಔಷಧಿ ಅಂಗಡಿಯಿಂದ ತಂದ ಒಮೆಪ್ರಜೋಲ್, ತಲೆನೋವಿಗೆ ಐಬುಪ್ರೊಫೆನ್. ಒಮೆಪ್ರಜೋಲ್ ಲಿವರಿನಲ್ಲಿ ಎಸ್ಸಿಟಾಲೊಪ್ರಾಮ್ ಕರಗುವುದನ್ನು ನಿಧಾನ ಮಾಡುತ್ತದೆ, ಹಾಗಾಗಿ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ತೊಂದರೆ ಕಡಿಮೆಯಾಗಲಿ ಅಂತ ತಂದದ್ದು ತೊಂದರೆಯನ್ನು ಹೆಚ್ಚಿಸಿರಬಹುದು. ಐಬುಪ್ರೊಫೆನ್ ಥರದ ನೋವಿನ ಗುಳಿಗೆ ಇದರ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಜಾಸ್ತಿ. ದಯವಿಟ್ಟು ಈ ಔಷಧ ನಡೆದಿರುವಾಗ ಬೇರೆ ಯಾವುದನ್ನೂ ಕೇಳದೆ ತಗೊಳ್ಳಬೇಡಿ.

ಡೋಸ್ ಬದಲಿಸುವುದು ನನ್ನ ಕೆಲಸವಲ್ಲ. ಅವರ ಎದುರಿಗೇ ಡಾಕ್ಟರಿಗೆ ಫೋನ್ ಮಾಡಿದೆ. ಆ ಎರಡನ್ನೂ ನಿಲ್ಲಿಸಿ, ತಲೆನೋವು ಬಂದರೆ ಪ್ಯಾರಸಿಟಮಾಲ್, ಒಂದು ವಾರ 5 ಮಿಲಿಗ್ರಾಂ, ಆಮೇಲೆ 10 ಅಂದರು.

ನಾನು ಹೇಳಿದ್ದು ಸಣ್ಣ ಸಣ್ಣ ಸಂಗತಿ. ಗುಳಿಗೆ ರೊಟ್ಟಿ ತಿಂದ ಮೇಲೆ. ಚಹಾ ದಿನಕ್ಕೆ ಒಂದೇ, ಕೈ ನಡುಗುವುದಕ್ಕೆ ಅದೂ ಒಂದು ಕಾರಣ. ಒಂದೇ ಸಲ ಹೊಟ್ಟೆ ತುಂಬ ಉಣ್ಣುವ ಬದಲು ಆಗಾಗ ಸ್ವಲ್ಪ ಚುರಮುರಿ, ಮಜ್ಜಿಗೆ, ಜೋಳದ ಅಂಬಲಿ. ನಿದ್ದೆ ಕೆಡುತ್ತಿದ್ದುದರಿಂದ ಗುಳಿಗೆ ಹಗಲಿನಲ್ಲೇ ಇರಲಿ ಅಂದೆವು, ತೂಕಡಿಕೆ ಬರುವವರಿಗೆ ಡಾಕ್ಟರು ರಾತ್ರಿ ತಗೊಳ್ಳಲು ಹೇಳುತ್ತಾರೆ. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ದಿನಾ ರಾತ್ರಿ ಹೊಟ್ಟೆ ತೊಳಸಿದ್ದಕ್ಕೆ ಹತ್ತರಲ್ಲಿ ಎಷ್ಟು ಅಂತ ಬರೆಯಿರಿ ಅಂದೆ.

ಸಾಯಬೇಕು ಅನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಆದರೂ ಯಜಮಾನರನ್ನು ಒಳಗೆ ಕರೆದು ಹೇಳಿದೆ: ಕೂತಲ್ಲಿ ಕೂರಲಾಗದ ಚಡಪಡಿಕೆ, ನಿದ್ದೆಯೇ ಇಲ್ಲದೆ ವಿಪರೀತ ಹುರುಪು, ಸಾಯುವ ಮಾತು, ಜ್ವರದ ಜೊತೆ ಮೈ ಬಿಗಿತ ಮತ್ತು ಗೊಂದಲ, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 25ರೊಳಗಿನವರು ಮನೆಯಲ್ಲಿ ಈ ಔಷಧ ಶುರು ಮಾಡಿದ್ದರೆ ಮೊದಲ ವಾರಗಳಲ್ಲಿ ಕಣ್ಣು ಇನ್ನೂ ಹೆಚ್ಚು ಇರಬೇಕು. ರಾತ್ರಿ ಯಾರೂ ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

“ಚಟ ಹತ್ತತೈತೇನ್ರಿ?” ಅಂತ ಅವರು ಕೇಳಿದರು. ಒಳ್ಳೆಯ ಪ್ರಶ್ನೆ, ಧಾರವಾಡ, ಹಾವೇರಿ ಕಡೆಯವರೂ ಇದನ್ನೇ ಕೇಳುತ್ತಾರೆ. ಸಾರಾಯಿ ಥರ ಚಟ ಹತ್ತುವುದಿಲ್ಲ. ಆದರೆ ಒಮ್ಮೆಗೇ ಬಿಟ್ಟರೆ ತಲೆ ತಿರುಗುವುದು, ಕರೆಂಟ್ ಹೊಡೆದ ಹಾಗೆ ಆಗುವುದು ಉಂಟು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ತಗೊಂಡು, ಡಾಕ್ಟರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಪುಸ್ತಕದಲ್ಲಿ ಮೊದಲ ಅಂಕಿ 8 ಇತ್ತು. ಆಮೇಲೆ ಇಳಿಯುತ್ತಾ ಬಂತು. ವಾರದ ಮೇಲೆ ಡೋಸ್ 10 ಮಿಲಿಗ್ರಾಂಗೆ ಏರಿಸಿದಾಗ ಎರಡು ದಿನ ಮತ್ತೆ 4 ಆಗಿ, ಹನ್ನೆರಡನೇ ದಿನ 2ಕ್ಕೆ ಇಳಿಯಿತು. ಐದನೇ ವಾರ ಎರಡು ಜಂಪರ್ ಹೊಲಿದು ಮುಗಿಸಿದ್ದರು.

ಆರನೇ ವಾರ ಯಜಮಾನರನ್ನು ಹೊರಗೆ ಕೂರಿಸಿ ಬಂದರು. ತುಂಬ ಹೊತ್ತು ಸೆರಗು ಸುತ್ತುತ್ತಾ ಕೂತರು. ಗಂಡನ ಜೊತೆ ಇರುವಾಗ ಏನೂ ಅನಿಸುವುದಿಲ್ಲ, ಮೈ ಸತ್ತ ಹಾಗಿರುತ್ತದೆ ಅಂದರು. ಇದೂ ಗುಳಿಗೆಯಿಂದ ಬಹಳ ಜನರಿಗೆ ಆಗುತ್ತದೆ ಅಕ್ಕ, ಹೊಟ್ಟೆ ತೊಳಸುವುದರ ಹಾಗೆ ತಾನಾಗಿ ಹೋಗುತ್ತದೆ ಅಂತ ಹೇಳಲಾರೆ, ಆದರೆ ಡೋಸ್ ಇಳಿಸಬಹುದು, ಬೇರೆ ಗುಳಿಗೆ ನೋಡಬಹುದು, ಡಾಕ್ಟರಿಗೆ ಹೇಳಲೇಬೇಕು ಅಂದೆ.

“ಡಾಕ್ಟರ್ ಗಂಡಸರದಾರ. ನೀವ ಬರದ ಕೊಡ್ರಿ.”

ಎರಡು ಸಾಲು ಬರೆದು ಕೊಟ್ಟೆ. ಓದಿ ನೋಡಿ, ಮಡಿಚಿ, ಅಳತೆ ಪುಸ್ತಕದೊಳಗೆ ಇಟ್ಟುಕೊಂಡರು.