ಸಭೆ ಬಿಟ್ಟು ಬೈಬಲ್ ಹಿಡಿದರೆ ಸಾಲದೇ?

ಪ್ರಶ್ನೆ: ಮೂರು ತಲೆಮಾರಿನಿಂದ ನಮ್ಮದು ಪ್ರೊಟೆಸ್ಟೆಂಟ್ ಕುಟುಂಬ. ಕಮಿಟಿ ಎಲೆಕ್ಷನ್ ಬಂತೆಂದರೆ ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಬೀಗರು ಬೀಗರೇ ಮಾತು ಬಿಡುತ್ತಾರೆ. ಎರಡು ವರ್ಷದಿಂದ ನಾನು ಮನೆಯಲ್ಲೇ ಬೈಬಲ್ ಓದಿ, ಮೊಬೈಲಿನಲ್ಲಿ ಪ್ರಸಂಗ ಕೇಳಿ ಪ್ರಾರ್ಥಿಸುತ್ತಿದ್ದೇನೆ. ನೆಮ್ಮದಿಯಾಗಿದೆ. ಯೇಸು ಸ್ವಾಮಿ ಕಮಿಟಿ ಕಟ್ಟಲಿಲ್ಲವಲ್ಲ? (ಧಾರವಾಡದ ಓದುಗರು)

ಉತ್ತರ: ನಿಮ್ಮ ದೂರು ನಿಜವಾದದ್ದು, ಹಳೆಯದೂ ಹೌದು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು. ‘ಇದು ಕರ್ತನ ಭೋಜನವೇ ಅಲ್ಲ’ ಎಂದು ಪೌಲ ಗದರಿಸಿದ್ದು ಮೊದಲನೆಯ ಕೊರಿಂಥ ಪತ್ರಿಕೆಯ 11ನೇ ಅಧ್ಯಾಯದಲ್ಲಿದೆ. ನಮ್ಮ ದಕ್ಷಿಣ ಭಾರತದಲ್ಲೇ ಕ್ರೈಸ್ತ ಚಿಂತಕರಾದ ಪಿ. ಚೆಂಚಯ್ಯ, ವಿ. ಚಕ್ಕರೈ ಮತ್ತವರ ಗೆಳೆಯರು 1930ರ ದಶಕದಲ್ಲಿ ಇದೇ ಪ್ರಶ್ನೆ ಎತ್ತಿದರು. ಈ ನೆಲಕ್ಕೆ ಬೇಕಾದದ್ದು ಕ್ರಿಸ್ತ, ಪಶ್ಚಿಮದಿಂದ ಹೊತ್ತು ತಂದ ಸಂಸ್ಥೆಯ ಚೌಕಟ್ಟಲ್ಲ ಎಂಬುದು ಅವರ ವಾದವಾಗಿತ್ತು. ಜಪಾನಿನ ಉಚಿಮುರಾ ಕಾನ್ಜೋ ಇನ್ನೂ ಮುಂದೆ ಹೋಗಿ ‘ಮುಕ್ಯೋಕೈ’, ಅಂದರೆ ‘ಚರ್ಚಿಲ್ಲದ’ ಕ್ರೈಸ್ತ ಬಳಗಗಳನ್ನೇ ಬೆಳೆಸಿದರು. ಅಲ್ಲಿ ಪಾದ್ರಿಯಿಲ್ಲ, ಸಂಸ್ಕಾರವಿಲ್ಲ. ಬೈಬಲ್ ಅಧ್ಯಯನವೇ ಆರಾಧನೆ. ಇವರು ಯಾರೂ ಭಕ್ತಿ ಕಡಿಮೆಯಾಗಿ ಹೀಗೆ ಹೇಳಿದವರಲ್ಲ. ಆದರೆ ಮುಕ್ಯೋಕೈ ಬಳಗಗಳು ಒಬ್ಬೊಬ್ಬ ಗುರುವಿನ ಸುತ್ತ ಬೆಳೆದವು. ಗುರು ತೀರಿಕೊಂಡಾಗ ಬಳಗ ಚದುರುವುದೇ ಅಲ್ಲಿ ವಾಡಿಕೆಯಾಯಿತು. ಕಮಿಟಿ ಬೇಡವೆಂದು ಹೊರಟರೆ ಅದರ ಜಾಗಕ್ಕೆ ಸಾಮಾನ್ಯವಾಗಿ ಬಂದು ಕೂರುವುದು ಒಬ್ಬ ವ್ಯಕ್ತಿ.

ಯೇಸು ಕಮಿಟಿ ಕಟ್ಟಲಿಲ್ಲ, ಸರಿ. ಆದರೆ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆರೆಯಿರಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಜೆರುಸಲೇಮಿನಲ್ಲಿ ಗೊಣಗಾಟ ಎದ್ದಿತು. ಅಪೊಸ್ತಲರು ‘ಗೊಣಗಬೇಡಿ, ಪ್ರಾರ್ಥಿಸಿ’ ಎಂದು ಹೇಳಿ ಕಳಿಸಲಿಲ್ಲ. ಸಭೆ ಸೇರಿಸಿ ಏಳು ಜನರನ್ನು ಆರಿಸಲು ಹೇಳಿದರು. ಆರಿಸಿಬಂದ ಏಳೂ ಹೆಸರು ಗ್ರೀಕ್ ಹೆಸರುಗಳು. ದೂರು ಕೊಟ್ಟ ಪಂಗಡದ ಕೈಗೇ ಹಂಚುವ ಸೌಟು ಹೋಯಿತು. ಸಭೆಗೆ ವ್ಯವಸ್ಥೆ ಯಾಕೆ ಬೇಕು ಎಂಬುದಕ್ಕೆ ನಾವು ಕೊಡಬಲ್ಲ ಅತಿ ಬಲವಾದ ಉತ್ತರ ಇದೇ: ಅನ್ಯಾಯವಾದಾಗ ಕೇಳಲು ಒಂದು ಜಾಗ, ಉತ್ತರಿಸಲು ಹೊಣೆಹೊತ್ತ ಕೆಲವರು ಬೇಕು. ನಿಮ್ಮ ಮೊಬೈಲಿನ ಪ್ರಸಂಗಿಗೆ ನಿಮ್ಮ ಹೆಸರು ಗೊತ್ತಿಲ್ಲ. ನೀವು ಆಸ್ಪತ್ರೆ ಸೇರಿದರೆ ಅವರು ಬರುವುದಿಲ್ಲ, ಅವರು ತಪ್ಪಿದರೆ ಕೇಳುವ ಹಕ್ಕು ನಿಮಗೂ ಇಲ್ಲ.

ಕರಾವಳಿ ಮತ್ತು ಧಾರವಾಡ ಸೀಮೆಯ ಬಾಸೆಲ್ ಮಿಷನ್ ಚರಿತ್ರೆಯಲ್ಲಿ ಈ ವಾದದ ಎರಡೂ ಮುಖ ಕಾಣುತ್ತದೆ. 1834ರಲ್ಲಿ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದವರಿಗೆ ಮನೆ, ಗೇಣಿ ಜಮೀನು, ಕುಲಕಸುಬು ಮೂರೂ ತಪ್ಪುತ್ತಿದ್ದವು. ಅದಕ್ಕಾಗಿ ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮುದ್ರಣಾಲಯ, ಶಾಲೆ, 1894ರ ಕಿಟ್ಟೆಲ್ ನಿಘಂಟು ಎಲ್ಲವೂ ಅದೇ ಸಂಸ್ಥೆಯ ಬೆನ್ನಿನ ಮೇಲೆ ಬಂದವು. ಬರೀ ಮನೆಪ್ರಾರ್ಥನೆಯಿಂದ ಇದು ಆಗುತ್ತಿರಲಿಲ್ಲ. ಅದೇ ಹೊತ್ತಿಗೆ ಕೂಲಿ ಕೊಡುವವರು, ಮನೆ ಕೊಡುವವರು, ಪಾಪಕ್ಕೆ ಶಿಸ್ತುಕ್ರಮ ಜರುಗಿಸುವವರು ಎಲ್ಲ ಒಬ್ಬರೇ ಆದರು. ದನಿ ಎತ್ತಿದವನಿಗೆ ಮೂರೂ ಕಡೆ ಬಾಗಿಲು ಮುಚ್ಚುವ ಭಯ ಇದ್ದೇ ಇತ್ತು. ಇಂದಿನ ಎಲೆಕ್ಷನ್ ಜಗಳದ ಬೇರು ಕೂಡ ಇದರಿಂದ ದೂರವಿಲ್ಲ. ಮಿಷನ್ ಕಾಲದ ಜಮೀನು, ಶಾಲೆಯ ಸೀಟು, ನೌಕರಿ, ಅಂಗಡಿಗಳ ಬಾಡಿಗೆ ಇವೆಲ್ಲ ಆಡಳಿತ ಸಮಿತಿಗಳ ಕೈಯಲ್ಲಿವೆ. ಗೆದ್ದರೆ ಸಿಗುವುದು ಬರೀ ಸೇವೆಯ ಅವಕಾಶವಾಗಿದ್ದರೆ ಬೀಗರು ಮಾತು ಬಿಡುತ್ತಿರಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಸದಸ್ಯತ್ವ ಕೈಬಿಡಬೇಡಿ, ವಂತಿಗೆ ನಿಲ್ಲಿಸಬೇಡಿ. ಹೆಚ್ಚಿನ ಕಡೆ ವಂತಿಗೆ ಬಾಕಿ ಇದ್ದರೆ ಮತದಾರರ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೆಸರು ಹೋದರೆ ಸರ್ವಸದಸ್ಯರ ಸಭೆಯಲ್ಲಿ ಬಾಯಿಯೂ ಹೋಗುತ್ತದೆ. ಎರಡು ಮೂರು ತಿಂಗಳು ಪಕ್ಕದ ಸಭೆಯಲ್ಲಿ ಆರಾಧನೆಗೆ ಕೂತು ನೋಡಿ. ಅಲ್ಲಿ ಮನಸ್ಸು ನಿಂತರೆ ವರ್ಗಾವಣೆ ಪತ್ರ ಪಡೆದು ಹೋಗಿ, ಅದರಲ್ಲಿ ತಪ್ಪೇನಿಲ್ಲ. ಇದ್ದಲ್ಲೇ ಉಳಿಯುವುದಾದರೆ ಕಮಿಟಿಯ ಗೊಡವೆ ಬಿಟ್ಟು ಸಂಡೇ ಸ್ಕೂಲ್ ಅಥವಾ ರೋಗಿಗಳ ಭೇಟಿಯಂಥ ಒಂದೇ ಒಂದು ಕೆಲಸ ಹಿಡಿಯಿರಿ. ಮನೆಯ ಓದು, ಪ್ರಾರ್ಥನೆ ಖಂಡಿತ ಮುಂದುವರಿಯಲಿ, ಅದಕ್ಕೆ ಇನ್ನೆರಡು ಮನೆಯವರನ್ನೂ ಕರೆಯಿರಿ.

ಪ್ರಶ್ನೆ: ಪ್ರತಿ ತಿಂಗಳು ದಶಮಾಂಶ ಕೊಡುತ್ತೇವೆ. ಕಟ್ಟಡ ನಿಧಿಗೂ ಕೊಟ್ಟೆವು, ಆದರೆ ನಾಲ್ಕು ವರ್ಷದಿಂದ ಗೋಡೆ ಏಳಲಿಲ್ಲ. ಲೆಕ್ಕ ಕೇಳಿದರೆ ‘ದೇವರಿಗೆ ಕೊಟ್ಟ ಮೇಲೆ ಕೇಳಬಾರದು’ ಎನ್ನುತ್ತಾರೆ. ಕೇಳುವುದು ಪಾಪವೇ? (ಬೆಂಗಳೂರಿನ ಓದುಗರು)

ಉತ್ತರ: ಪಾಪವಲ್ಲ. ಜೆರುಸಲೇಮಿನ ಬಡವರಿಗೆಂದು ಎತ್ತಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗೆ ಕರೆದುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನೆಟ್ಟಗಿರಬೇಕು ಎಂಬ ಕಾರಣವನ್ನೂ ಕೊಟ್ಟ (ಎರಡನೆಯ ಕೊರಿಂಥ 8:19-21). ದಶಮಾಂಶಕ್ಕೆ ಎಲ್ಲರೂ ಎತ್ತಿ ತೋರಿಸುವ ಮಲಾಕಿ 3:10ರ (‘ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ’) ಜೊತೆಗೆ ಧರ್ಮೋಪದೇಶಕಾಂಡ 14:28-29 ಕೂಡ ಓದಿಕೊಳ್ಳಿ: ಮೂರನೆಯ ವರ್ಷದ ದಶಮಾಂಶ ದೇವರ ಸೇವೆಗೆ ನಿಂತ ಲೇವಿಯರಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ. ಯಾರಿಗೆ ಹೋಗಬೇಕೆಂದು ವಾಕ್ಯವೇ ಹೇಳಿರುವಾಗ, ಹೋಯಿತೇ ಎಂದು ಕೇಳುವುದು ಅವಿಶ್ವಾಸ ಹೇಗಾದೀತು?

ಮೊದಲು ಕಾಣಿಕೆ ಎಣಿಸುವ ಮೇಜು ನೋಡಿ, ಅರ್ಧ ಸಂಗತಿ ಅಲ್ಲೇ ತಿಳಿಯುತ್ತದೆ. ಆರಾಧನೆ ಮುಗಿದ ಕೂಡಲೇ, ಚರ್ಚಿನೊಳಗೇ, ಪರಸ್ಪರ ಬಂಧುಗಳಲ್ಲದ ಇಬ್ಬರೋ ಮೂವರೋ ಕೂತು ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಚೀಟಿಯಲ್ಲಿ ಶಾಯಿಯಿಂದ ಬರೆದು ಎಲ್ಲರೂ ಸಹಿ ಹಾಕಬೇಕು. ಸೋಮವಾರ ಪೂರ್ತಿ ಹಣ ಬ್ಯಾಂಕಿಗೆ ಹೋಗಬೇಕು. ಹೆಚ್ಚಿನ ಕಡೆ ಲೆಕ್ಕ ಕೆಡುವುದು ‘ಪೂರ್ತಿ’ ಎಂಬ ಈ ಮಾತಿನಲ್ಲೇ. ಹೂವಿಗೆ, ಡೀಸೆಲ್‌ಗೆ, ಅತಿಥಿ ಪ್ರಸಂಗಿಯ ಕವರಿಗೆ ತಟ್ಟೆಯಿಂದಲೇ ತೆಗೆದು ಕೊಟ್ಟು ಉಳಿದದ್ದನ್ನು ಕಟ್ಟಿದರೆ ಪಾಸ್‌ಬುಕ್ಕಿನಲ್ಲಿ ಬರುವುದು ಉಳಿಕೆ ಮಾತ್ರ, ಬಂದದ್ದೆಷ್ಟು ಎಂದು ಯಾವ ಆಡಿಟರೂ ಕಂಡುಹಿಡಿಯಲಾರ. ಕದಿಯುವ ಮನಸ್ಸಿಲ್ಲದವರೂ ಹೀಗೆ ಕಳ್ಳರೆನಿಸಿಕೊಳ್ಳುತ್ತಾರೆ. ಸಣ್ಣ ಖರ್ಚಿಗೆ 5,000 ರೂಪಾಯಿಯಂಥ ನಿಗದಿತ ಮುಂಗಡ ಇಟ್ಟು, ವೋಚರ್ ಕೊಟ್ಟಷ್ಟನ್ನು ಮಾತ್ರ ಮತ್ತೆ ತುಂಬಿಸುವುದು ಸರಿಯಾದ ದಾರಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಭೆಯ ಹೆಸರು ಬರುತ್ತದೋ, ಯಾರದೋ ಸ್ವಂತ ಹೆಸರು ಬರುತ್ತದೋ ಗಮನಿಸಿ. ಸ್ವಂತ ಹೆಸರು ಬಂದರೆ ಅಂದೇ ಕೇಳಿ.

ಕಟ್ಟಡ ನಿಧಿಯ ವಿಚಾರ ಬೇರೆ. ಒಂದು ಉದ್ದೇಶಕ್ಕೆಂದು ಕೊಟ್ಟ ಹಣ ಆ ಉದ್ದೇಶಕ್ಕೇ ಹೋಗಬೇಕು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1267ನೇ ಕಟ್ಟಳೆ ಇದನ್ನು ಬಿಡಿಸಿ ಹೇಳಿದೆ. ಭಕ್ತರು ಕೊಟ್ಟದ್ದರ ಲೆಕ್ಕ ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯದು, ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯದು ಹೇಳುತ್ತವೆ. ಆ ಸಮಿತಿ ಗುರುಗಳಿಗೆ ನೆರವಾಗುವಂಥದ್ದು, ಆದರೂ ಅದು ಇಲ್ಲದಿರುವಂತಿಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ಕೆಲಸ ಮಾಡುವುದು ವಾರ್ಷಿಕ ಸರ್ವಸದಸ್ಯರ ಸಭೆ ಮತ್ತು ಆಡಿಟ್ ವರದಿ.

ಕೇಳುವ ಕ್ರಮವೂ ಮುಖ್ಯ. ಕಾರ್ಯದರ್ಶಿಗೆ ಒಂದು ಪುಟದ ಪತ್ರ ಬರೆದು ಮೂರೇ ಸಂಗತಿ ಕೇಳಿ: ಕಳೆದ ಹಣಕಾಸು ವರ್ಷದ ಆದಾಯ ವೆಚ್ಚದ ಪಟ್ಟಿ, ಆಡಿಟ್ ವರದಿಯ ಪ್ರತಿ, ಮಾರ್ಚ್ 31ಕ್ಕೆ ಕಟ್ಟಡ ನಿಧಿಯ ಖಾತೆಯಲ್ಲಿದ್ದ ಬಾಕಿ. ಯಾರ ಮೇಲೂ ಆರೋಪ ಬೇಡ. ಸಭಾಪಾಲಕರಿಗೆ ಪ್ರತಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ನಿಮ್ಮೊಡನೆ ಇನ್ನೂ ನಾಲ್ಕು ಕುಟುಂಬ ಸಹಿ ಹಾಕಿದರೆ ಪತ್ರಕ್ಕೆ ತೂಕ ಬರುತ್ತದೆ. 30 ದಿನದೊಳಗೆ ಉತ್ತರ ಬರದಿದ್ದರೆ ಬಿಷಪರ ಕಚೇರಿಗೆ ಅದೇ ಪತ್ರ ಲಗತ್ತಿಸಿ ಕಳಿಸಿ, ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಬರಹದಲ್ಲೇ ಕೋರಿ. ವಾಟ್ಸ್‌ಆ್ಯಪ್ ಗ್ರೂಪಿಗೆ ಮೊದಲು ಹಾಕಬೇಡಿ. ಅಲ್ಲಿ ಲೆಕ್ಕದ ಪ್ರಶ್ನೆ ಅರ್ಧ ಗಂಟೆಯಲ್ಲಿ ಮಾನದ ಪ್ರಶ್ನೆಯಾಗುತ್ತದೆ, ಆಮೇಲೆ ಯಾರೂ ಲೆಕ್ಕ ತೆಗೆಯುವುದಿಲ್ಲ. ಜಮೀನು ಪರಭಾರೆಯ ಅನುಮಾನವಿದ್ದರೆ ಸರ್ವೆ ನಂಬರ್ ಇಟ್ಟುಕೊಂಡು ಭೂಮಿ ತಂತ್ರಾಂಶದಲ್ಲಿ ಪಹಣಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸಿ ನೋಡಿ. ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನೊಂದು ಮಾತು. ನಿಮ್ಮ ಹಣದ ಒಂದು ಪಾಲು ಊರು ಬಿಟ್ಟು ಬಿಷಪರ ಕಚೇರಿಗೆ ಹೋಗುತ್ತಿದ್ದರೆ ಕೂಡಲೇ ಅನುಮಾನಿಸಬೇಡಿ. ಪಾಲಕರ ಸಂಬಳ ಒಂದೇ ನಿಧಿಯಿಂದ ಹೋಗುವಲ್ಲಿ, ವಾರಕ್ಕೆ 300 ರೂಪಾಯಿ ಕಾಣಿಕೆ ಬೀಳುವ ಹಳ್ಳಿಯ ಸಭೆಗೂ ಓದಿದ ಪಾಲಕರು ಸಿಗುವುದು ಪಟ್ಟಣದ ಸಭೆಗಳ ಆ ಪಾಲಿನಿಂದಲೇ. ಸಂಸ್ಥೆಯ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಕಾಣದು.

ಪ್ರಶ್ನೆ: ನಮ್ಮ ಸಭೆಯ ಹೊಣೆಗಾರರೊಬ್ಬರು ಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಂಡರೆಂದು ಒಬ್ಬ ತಾಯಿ ಹೇಳಿದರು. ‘ಮತ್ತಾಯ 18ರ ಪ್ರಕಾರ ಒಳಗೇ ಮುಗಿಸೋಣ’ ಎನ್ನುತ್ತಿದ್ದಾರೆ ಹಿರಿಯರು. (ಹೆಸರು, ಊರು ಬೇಡವೆಂದ ಓದುಗರು)

ಉತ್ತರ: ಮುಗಿಸಬಾರದು, ಮುಗಿಸಲು ಬರುವುದೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಇಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಅಥವಾ ಠಾಣೆಗೆ ಹೋಗಿ. ಮಗುವನ್ನು ಹಿರಿಯರ ಮುಂದೆ ಕೂರಿಸಿ ಮತ್ತೆ ಮತ್ತೆ ವಿಚಾರಿಸಬೇಡಿ. ಅದರಿಂದ ಮಗುವಿಗೆ ನೋವು, ಸಾಕ್ಷ್ಯಕ್ಕೂ ಹಾನಿ. ತಾಯಿ ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಡಿ. ಮಗುವಿನ ಹೆಸರು ಎಲ್ಲಿಯೂ ಹೊರಬೀಳಕೂಡದು, ಪ್ರಾರ್ಥನಾ ವಿಷಯಗಳ ಪಟ್ಟಿಯಲ್ಲೂ. ವಿಚಾರಣೆ ಮುಗಿಯುವ ತನಕ ಆ ವ್ಯಕ್ತಿ ಮಕ್ಕಳ ಯಾವ ಕೆಲಸದಲ್ಲೂ ಇರಬಾರದು.

ತಪ್ಪು ಮಾಡಿದವನನ್ನು ಒಬ್ಬನೇ ಇರುವಾಗ ಕಂಡು ತಿದ್ದು ಎನ್ನುವ ಮತ್ತಾಯ 18:15 ಸಹೋದರರ ನಡುವಿನ ತಪ್ಪಿನ ಮಾತು. ಅದೇ ಅಧ್ಯಾಯದ 6ನೇ ವಚನದಲ್ಲಿ, ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆಯುವುದೇ ಅವನಿಗೆ ಮೇಲು ಎಂದಿದೆ. ಆ ಹಿರಿಯರಿಗೆ ಅದನ್ನೂ ಓದಿ ಹೇಳಿ. ಕಥೋಲಿಕರಲ್ಲಿ 2019ರ ಪೋಪರ ಆದೇಶದ ಪ್ರಕಾರ ಪ್ರತಿ ಧರ್ಮಕ್ಷೇತ್ರವೂ ಇಂಥ ದೂರು ಪಡೆಯುವ ವ್ಯವಸ್ಥೆ ಇಟ್ಟಿರಬೇಕು. ಆದರೆ ಅದು ಪೊಲೀಸ್ ದೂರಿಗೆ ಬದಲಿಯಲ್ಲ. ಸಭೆಯ ಹೆಸರು ಕೆಡುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಟ್ಟ ಕಡೆಯಲ್ಲೆಲ್ಲ, ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿಗಳು ಮಕ್ಕಳ ಮೇಲೆ ಎಸಗಿದ ದೌರ್ಜನ್ಯ 2002ರಲ್ಲಿ ಬಯಲಾದಾಗ ಕಂಡಂತೆ, ಜನರ ನಂಬಿಕೆಯನ್ನು ಆಳವಾಗಿ ಮುರಿದದ್ದು ಮುಚ್ಚಿಟ್ಟ ಸಂಗತಿಯೇ. ಇಲ್ಲಿ ಸಂಸ್ಥೆಯ ಪರವಾಗಿ ವಾದಿಸಲು ನಮ್ಮ ಬಳಿ ಏನೂ ಇಲ್ಲ.

ಪ್ರಶ್ನೆ: ನಾವು ಐದು ಕುಟುಂಬ ಸೇರುವ ಮನೆಸಭೆಯವರು. ನಮ್ಮ ಪಾಸ್ಟರೇ ಮಗನ ಮದುವೆ ಮಾಡಿಸಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಅವರಿಗೆ ಸರ್ಕಾರದ ಮದುವೆ ಲೈಸೆನ್ಸ್ ಇದ್ದರೆ ಸರಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಹೇಳಿದವರು ಮಾತ್ರ ಮದುವೆ ನಡೆಸಬಹುದು: ಬಿಷಪರಿಂದ ದೀಕ್ಷೆ ಪಡೆದ ಪಾಲಕರು, ಸ್ಕಾಟ್ಲೆಂಡ್ ಸಭೆಯ ಪಾಲಕರು, ಲೈಸೆನ್ಸ್ ಪಡೆದವರು, ವಿವಾಹ ರಿಜಿಸ್ಟ್ರಾರ್. ಬೇರೆಯವರು ನಡೆಸಿದರೆ 4ನೇ ಸೆಕ್ಷನ್ ಪ್ರಕಾರ ಮದುವೆ ಅನೂರ್ಜಿತ. ನಡೆಸಿದವರಿಗೆ 68ನೇ ಸೆಕ್ಷನ್ ಅಡಿ ಹತ್ತು ವರ್ಷದವರೆಗೆ ಸಜೆಯಾಗಬಹುದು. ಪಾಸ್‌ಪೋರ್ಟ್, ವೀಸಾ, ಪಿಂಚಣಿ ಎಂದಾಗ ಮೊದಲು ಕೇಳುವುದು ಈ ಮದುವೆಯ ದಾಖಲೆಯನ್ನೇ. ಆದ್ದರಿಂದ ಲೈಸೆನ್ಸ್‌ನ ಪ್ರತಿಯನ್ನು ಆಮಂತ್ರಣ ಅಚ್ಚಾಗುವ ಮೊದಲೇ ಕಣ್ಣಾರೆ ನೋಡಿ.

ಲೈಸೆನ್ಸ್ ಇಲ್ಲವೆಂದಾದರೆ ಎರಡು ದಾರಿ ಇವೆ. ಹತ್ತಿರದ ನೋಂದಾಯಿತ ಸಭೆಯ ಪಾಲಕರನ್ನು ಎರಡು ಮೂರು ತಿಂಗಳು ಮುಂಚೆಯೇ ಕಂಡು, ದೀಕ್ಷಾಸ್ನಾನದ ಪತ್ರ ಕೊಟ್ಟು, ಚರ್ಚಿನಲ್ಲಿ ಓದುವ ಮದುವೆ ಪ್ರಕಟಣೆಗೆ ಹೆಸರು ಬರೆಸಿ. ಪ್ರಸಂಗವನ್ನು ನಿಮ್ಮ ಪಾಸ್ಟರ್ ಮಾಡಲು ಬಹಳ ಕಡೆ ಒಪ್ಪುತ್ತಾರೆ. ಅಥವಾ 1954ರ ವಿಶೇಷ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಟಿಸ್ ಕೊಟ್ಟು, 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ ಮುಗಿಸಿ, ಅದೇ ಸಂಜೆ ಮನೆಸಭೆಯಲ್ಲಿ ಆಶೀರ್ವಾದದ ಕೂಟ ಇಟ್ಟುಕೊಳ್ಳಿ. ನೋಟಿಸ್ ಕೊಡುವ ಮೊದಲು ಹುಡುಗ ಅಥವಾ ಹುಡುಗಿ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಹಾಗಾಗಿ ಹುಡುಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರೆ ಹುಡುಗಿಯ ಊರಿನ ಕಚೇರಿಯಲ್ಲಿ ಕೊಡುವುದು ಸುಲಭ.