ಬೀಚು ಬಿಟ್ಟು ಮಂಗಳೂರಿನ ಹಳೆಯ ಜಾಗಗಳನ್ನಷ್ಟೇ ಶನಿವಾರ-ಭಾನುವಾರದಲ್ಲಿ ನೋಡಬಹುದೇ?

ಬೆಂಗಳೂರಿಂದ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ವಾಪಸ್, ಜೊತೆಗೆ ವಯಸ್ಸಾದ ಅಪ್ಪ-ಅಮ್ಮ ಇದ್ದಾರೆ ಎಂದಿದ್ದೀರಿ. ಆಗುತ್ತದೆ. ಆದರೆ ಮ್ಯಾಪ್‌ನಲ್ಲಿ ಹತ್ತಿರ ಕಂಡದ್ದನ್ನೆಲ್ಲ ಸಾಲಾಗಿ ನೋಡಲು ಹೊರಟರೆ ಕೆಡುತ್ತದೆ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಭಾನುವಾರ ಬೆಳಗ್ಗೆ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಪೂಜೆ ಇರುತ್ತದೆ, ಕಾರ್ಕಳದ ಗೊಮ್ಮಟ ಬೆಟ್ಟದ ಬಂಡೆ ಹನ್ನೊಂದರ ಮೇಲೆ ಕಾಲು ಸುಡುತ್ತದೆ. ದೂರಕ್ಕಿಂತ ಗಡಿಯಾರ ನೋಡಿ ಕ್ರಮ ಹಾಕಿಕೊಳ್ಳಿ.

ಮೊದಲು ಟಿಕೆಟ್. ರೈಲಾದರೆ ಮಂಗಳೂರು ಸೆಂಟ್ರಲ್‌ಗೆ ಹೋಗುವುದನ್ನೇ ಹಿಡಿಯಿರಿ. ಕಾರವಾರದ ಕಡೆ ಹೋಗುವವೆಲ್ಲ ಸೆಂಟ್ರಲ್‌ಗೆ ಬರುವುದಿಲ್ಲ, ಕೆಲವು ಮಂಗಳೂರು ಜಂಕ್ಷನ್‌ನಲ್ಲಿ ಇಳಿಸುತ್ತವೆ. ಅದು ಪಡೀಲ್ ಹತ್ತಿರ, ಅಲ್ಲಿಂದ ಊರೊಳಗೆ ಬರಲು ಮತ್ತೆ ರಿಕ್ಷಾ ಬೇಕು. ರೂಮು ಹಂಪನಕಟ್ಟೆ ಆಸುಪಾಸಿನಲ್ಲಿ ಮಾಡಿದರೆ ಸೆಂಟ್ರಲ್ ಸ್ಟೇಷನ್ನೂ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣವೂ ಹತ್ತಿರ.

ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ ಸೀದಾ ಕದ್ರಿಗೆ ಹೋಗಿ. ಮಂಜುನಾಥನ ದರ್ಶನವಾಯಿತೆಂದು ಹೊರಟುಬಿಡಬೇಡಿ, ಲೋಕೇಶ್ವರನ ಕಂಚಿನ ವಿಗ್ರಹ ಎಲ್ಲಿದೆ ಎಂದು ಕೇಳಿ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನ ತುಳುನಾಡನ್ನು ಆಳಿದ ಆಳುಪ ವಂಶದ ಅರಸ ಕುಂದವರ್ಮನದು, ಕ್ರಿ.ಶ. 968ರದ್ದು. ಶಿವಾಲಯದಲ್ಲಿ ಬೌದ್ಧ ಲಕ್ಷಣದ ಮೂರ್ತಿ ಹೇಗೆ ಬಂತು ಎಂಬ ವಾದ ಇನ್ನೂ ಮುಗಿದಿಲ್ಲ. ನೋಡುವಾಗ ಮುಖ, ಕಿರೀಟ, ಕೈಗಳಲ್ಲಿ ಹಿಡಿದದ್ದು, ಪೀಠ ಹೀಗೆ ಮೇಲಿಂದ ಕೆಳಗೆ ಬನ್ನಿ. ಹತ್ತು ನಿಮಿಷ ಬೇಕೇ ಬೇಕು. ಹಿಂದಿನ ಗುಡ್ಡದ ಮೇಲಿನ ನಾಥಪಂಥದ ಜೋಗಿ ಮಠಕ್ಕೆ ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿದ್ದರೆ ಅಪ್ಪ-ಅಮ್ಮ ಕೆಳಗೆ ದೇವಸ್ಥಾನದ ಹತ್ತಿರವೇ ಕೂರಲಿ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಒಂದು ಶಾಲು ಜೊತೆಗಿರಲಿ.

ಅಲ್ಲಿಂದ ಹಂಪನಕಟ್ಟೆಗೆ ಬರುವ ದಾರಿಯಲ್ಲೇ ಬಲ್ಮಠ. 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರ ಜಾಗ ಇದು. 1841ರಲ್ಲಿ ಅವರು ಅಚ್ಚುಕೂಟ ಶುರು ಮಾಡಿದರು, 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು, 1894ರಲ್ಲಿ ಕಿಟ್ಟೆಲ್‌ರ ಕನ್ನಡ-ಇಂಗ್ಲಿಷ್ ನಿಘಂಟು. ನೋಡಲು ದೊಡ್ಡದೇನೂ ಕಾಣದು. ಕನ್ನಡ ಓದುವವರಿಗೆ ಅರ್ಧ ಗಂಟೆ ಸಾರ್ಥಕ, ಉಳಿದವರಿಗೆ ಬೇಜಾರು.

ಊಟವಾದ ಮೇಲೆ ಬಾವುಟಗುಡ್ಡೆ. ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯವರು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಇಲ್ಲಿ. ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಇಲ್ಲಿದೆ. ಪಕ್ಕದಲ್ಲೇ ಅಲೋಶಿಯಸ್ ಕಾಲೇಜಿನ ಚಾಪೆಲ್. ಇಟಲಿಯ ಜೆಸ್ಯೂಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಒಳಗೆಲ್ಲ ಚಿತ್ರ ಬರೆದರು. ಗೋಡೆಯದು ಹಸಿ ಗಾರೆಯ ಮೇಲೆ ಬರೆದದ್ದು, ಕ್ಯಾನ್ವಾಸಿನ ಮೇಲಿನದು ಎಣ್ಣೆಬಣ್ಣ. ಈ ಎರಡರ ಹೊಳಪಿನ ವ್ಯತ್ಯಾಸ ಗಮನಿಸಿ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಮದುವೆಯೋ ವಿಶೇಷ ಪೂಜೆಯೋ ಇದ್ದರೆ ಪ್ರವೇಶ ಸಿಗದು, ಹೊರಡುವ ಮುಂಚೆ ಕಾಲೇಜಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ರೊಸಾರಿಯೊ ಕೆಥೆಡ್ರಲ್‌ನ ಮೂಲ 1568ರದ್ದು, ಆದರೆ ಈಗಿನ ಕಟ್ಟಡ ಇಪ್ಪತ್ತನೇ ಶತಮಾನದ್ದು. ಹೊತ್ತು ಮೀರಿದ್ದರೆ ಇದನ್ನು ಬಿಡಿ, ಬಂದರಿನ ಝೀನತ್ ಬಕ್ಷ್ ಮಸೀದಿಯನ್ನಲ್ಲ. ಅಲ್ಲಿಯ ಮರಗೆತ್ತನೆಯ ಕಂಬಗಳನ್ನು ನೋಡಲೇಬೇಕು. ನಮಾಜಿನ ಹೊತ್ತು ತಪ್ಪಿಸಿ, ಕೇಳಿಕೊಂಡೇ ಒಳಗೆ ಹೋಗಿ.

ಐದರ ಸುಮಾರಿಗೆ ಬೋಳೂರಿನ ಸುಲ್ತಾನ್ ಬತ್ತೇರಿ. ಹೆಸರು ಕೇಳಿ ಕೋಟೆ ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಇದು 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು, ಅಷ್ಟೇ. ಮೇಲೆ ಹತ್ತಿ ತೋಪಿನ ಕಿಂಡಿಯೊಳಗಿಂದ ಗುರುಪುರ ನದಿಯನ್ನು ನೋಡಿ. ಹಡಗು ನದಿಯೊಳಗೆ ನುಗ್ಗದಂತೆ ಕಾಯಲು ಈ ತಿರುವೇ ಏಕೆ ಎಂಬುದು ಆಗ ತಿಳಿಯುತ್ತದೆ. ಇಪ್ಪತ್ತು ನಿಮಿಷ ಸಾಕು. ಆಚೆ ದಡ ತಣ್ಣೀರುಬಾವಿ, ದೋಣಿ ಇರುತ್ತದೆ. ಮಳೆಗಾಲದಲ್ಲಿ ಅದನ್ನು ನಂಬಬೇಡಿ.

ಭಾನುವಾರ ಬೆಳಗ್ಗೆ ಆರೂವರೆಗೇ ಕಾರು ಹತ್ತಿ. ಮೂಡುಬಿದಿರೆ ಮೊದಲು ಸಿಗುತ್ತದೆ, ಸುಮಾರು 35 ಕಿ.ಮೀ. ಆದರೂ ನಿಲ್ಲದೆ ಇನ್ನೂ 18 ಕಿ.ಮೀ. ಮುಂದಿನ ಕಾರ್ಕಳಕ್ಕೆ ಹೋಗಿ. ಗೊಮ್ಮಟ ಬೆಟ್ಟಕ್ಕೆ ಮೆಟ್ಟಿಲೂ ಇದೆ, ಕಾರು ಹೋಗುವ ದಾರಿಯೂ ಇದೆ. ಆದರೆ ಮೇಲೆ ಬರಿಗಾಲಲ್ಲೇ ನಡೆಯಬೇಕು. ಬಿಸಿಲಲ್ಲಿ ಬಂಡೆ ಕಾಯುತ್ತದೆ, ಮಳೆಯಲ್ಲಿ ಜಾರುತ್ತದೆ. 42 ಅಡಿಯ ಬಾಹುಬಲಿ 1432ರದ್ದು. ಎದುರಿನ ಚಿಕ್ಕ ಬೆಟ್ಟದ ಚತುರ್ಮುಖ ಬಸದಿ 1586ರದ್ದು, ನಾಲ್ಕೂ ದಿಕ್ಕಿನಿಂದ ಒಂದೇ ತರಹ ಕಾಣುತ್ತದೆ.

ವಾಪಸ್ ಬರುತ್ತಾ ಮೂಡುಬಿದಿರೆಯ ಸಾವಿರ ಕಂಬದ ಬಸದಿ. ಕಟ್ಟಿದ್ದು 1430ರಲ್ಲಿ. ಎಲ್ಲರೂ ಕಂಬ ಎಣಿಸುತ್ತಾ ಕೂರುತ್ತಾರೆ. ನೀವು ಮುಂದಿನ ಭೈರಾದೇವಿ ಮಂಟಪದ ಬುಡಕ್ಕೆ ಬಗ್ಗಿ ನೋಡಿ, ಅಲ್ಲಿ ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ ಕೆತ್ತಿದ್ದಾರೆ. ತುಳುನಾಡಿನ ಬಂದರುಗಳ ವ್ಯಾಪಾರ ಎಲ್ಲಿಯವರೆಗೆ ಹೋಗಿತ್ತೆಂದು ಹೇಳಲು ಆ ಎರಡು ಕೆತ್ತನೆ ಸಾಕು. ಮಳೆನೀರು ಇಳಿದುಹೋಗುವಂತೆ ಇಳಿಜಾರಾಗಿ ಹಾಕಿದ ಮಾಡನ್ನೂ ಗಮನಿಸಿ.

ಕಾರು ಇಲ್ಲದಿದ್ದರೆ ಸ್ಟೇಟ್‌ಬ್ಯಾಂಕಿನಿಂದ ಮೂಡುಬಿದಿರೆ, ಕಾರ್ಕಳಕ್ಕೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಆಗಾಗ ಇವೆ. ಆದರೆ ಅವುಗಳ ವೇಗ ಹಿರಿಯರಿಗೆ ಆಗಿಬರುವುದು ಕಷ್ಟ. ರಾತ್ರಿ ಬಸ್ಸು ಮಂಗಳೂರಿನ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದಾದರೆ, ಸಂಜೆ ಐದರೊಳಗೆ ಮೂಡುಬಿದಿರೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುವುದಾದರೆ ಬೆಂಗಳೂರು ದಾರಿಯ ಶಿರಾಡಿ ಘಾಟಿ ತೆರೆದಿದೆಯೇ ಎಂದು ಹೊರಡುವ ದಿನವೇ ವಿಚಾರಿಸಿ. ಗುಡ್ಡ ಕುಸಿದರೆ ಬಸ್ಸುಗಳು ಚಾರ್ಮಾಡಿ ಸುತ್ತಿ ಹೋಗಬೇಕಾಗುತ್ತದೆ, ಸೋಮವಾರ ಬೆಳಗ್ಗೆ ಆಫೀಸಿಗೆ ಹೊತ್ತಿಗೆ ಸರಿಯಾಗಿ ತಲುಪುವುದು ಅನುಮಾನ.