ಬೀದರ್ ಕಡಿ ಹಳೇ ಬೈನಾಮಾ (ಖರೀದಿ ಪತ್ರ) ಹುಡುಕೋದು ಹ್ಯಾಂಗ

ಭಾಲ್ಕಿ ತಾಲ್ಲೂಕಿನಾಗಿರೋ ನಿಮ್ಮ ಅಜ್ಜನ ಹೊಲದ ಆರ್‌ಟಿಸಿ ಸಿಕ್ತು, ಖರೀದಿ ಪತ್ರ ಮಾತ್ರ ಸಿಗ್ತಾ ಇಲ್ಲ ಅಂತ ಕೇಳೀರಲ್ರಿ. ನೀವು ಆರ್‌ಟಿಸಿ ಅನ್ನೋದಕ್ಕ ನಾವು ಪಹಣಿ ಅಂತೀವಿ. ಅದು ತಹಶೀಲ್ ಕಚೇರಿ ಕಾಗದ. ಖರೀದಿ ಪತ್ರ ಇರೋದು ಸಬ್ ರಿಜಿಸ್ಟ್ರಾರ್ ಕಚೇರಿದಾಗ.

2004ರ ಈಚಿನ ವ್ಯವಹಾರ ಆದ್ರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಾಗ ಇಸಿ, ಅಂದ್ರ ಋಣಭಾರ ಪತ್ರ, ತಗೀರಿ. ಅದರಾಗ ದಸ್ತಾವೇಜಿನ ನಂಬರ್ ಬರ್ತದ, ಅದನ್ನ ಹಾಕಿ ದೃಢೀಕೃತ ನಕಲು ಕೇಳ್ರಿ. ಹಳೇದಾದ್ರ ಕಚೇರಿಗೇ ಹೋಗ್ಬೇಕು. ಅಲ್ಲಿ ಹೆಸರಿನ ಸೂಚಿ ಒಂದು, ಆಸ್ತಿ ಸೂಚಿ ಒಂದು ಇರ್ತಾವ. "ನಿಮಗೂ ಈ ಹೊಲಕ್ಕೂ ಏನ್ ಸಂಬಂಧ?" ಅಂತ ಕೇಳಿದ್ರ ಅಂಜಬ್ಯಾಡ್ರಿ. 1908ರ ನೋಂದಣಿ ಕಾಯ್ದೆ 57ನೇ ಕಲಂ ಪ್ರಕಾರ ಸ್ಥಿರಾಸ್ತಿ ಪತ್ರ ಇರೋ ಒಂದನೇ ಪುಸ್ತಕ ಫೀ ಕಟ್ಟಿದ ಯಾರಾದ್ರೂ ನೋಡಬಹುದು, ನಕಲೂ ಪಡೀಬಹುದು. ಮೃತ್ಯುಪತ್ರದ ಪುಸ್ತಕ ಮಾತ್ರ ಹಂಗ ಎಲ್ಲಾರಿಗೂ ತೆರೆಯೋದಿಲ್ಲ.

ಖರೇ ತ್ರಾಸು ನಿಜಾಮ್ ಕಾಲದ ಕಾಗದದ್ದು. ಭಾಷಾ ಉರ್ದು, ಖರೀದಿ ಪತ್ರಕ್ಕ ಹೆಸರೇ ಬೈನಾಮಾ, ತಾರೀಖು ಫಸಲಿ, ಅಂದ್ರ ಕಂದಾಯದ ಲೆಕ್ಕಕ್ಕ ಇಟ್ಟುಕೊಂಡಿದ್ದ ವರ್ಷದ್ದು. ನಮ್ಮ ಮುತ್ತ್ಯಾನ ಬೈನಾಮಾ 1355 ಫಸಲಿ, ಖುರ್ದಾದ್ ತಿಂಗಳಿಂದು. ಫಸಲಿಗೆ 590 ಕೂಡಿಸಿದ್ರ ಇಸವಿ ಸಿಗ್ತದ ಅಂತ ತಿಳಿದು ನಾನು 1945 ಅಂತ ಬರೆದು ಕೊಟ್ಟೆ. ಎರಡು ಸಲ ಹುಡುಕಿದ್ರೂ ಸಿಗಲಿಲ್ಲ. ಆಮ್ಯಾಲ ಗೊತ್ತಾತು, ಹೈದರಾಬಾದ್ ಫಸಲಿ ವರ್ಷ ಅಕ್ಟೋಬರಿನಾಗ ಸುರು ಆಗ್ತಿತ್ತು, ಖುರ್ದಾದ್ ಬರ್ತಿದ್ದದ್ದು ಮುಂದಿನ ಏಪ್ರಿಲ್ ಹೊತ್ತಿಗೆ. ಅಂದ್ರ ಅದು 1946! ಅದಕ್ಕ ತಿಂಗಳು ನೋಡದ ವರ್ಷ ಲೆಕ್ಕ ಹಾಕಬ್ಯಾಡ್ರಿ. ರೊಕ್ಕನೂ ಹಂಗೇ. ಬರೆದದ್ದು ಹಾಲಿ ಸಿಕ್ಕಾ, ಅಂದ್ರ ನಿಜಾಮರ ರೂಪಾಯಿ. 7 ಹಾಲಿಗೆ ಬ್ರಿಟಿಷರ ರೂಪಾಯಿ, ಅಂದ್ರ ಕಲದಾರ್, ಸುಮಾರು 6.

ಇನ್ನೊಂದು ಮಾತು. "ಜಿಲ್ಲಾ ಬೀದರ್" ಅಂತ ಇದ್ದ ಮಾತ್ರಕ್ಕ ಆ ಊರು ಈಗ ಕರ್ನಾಟಕದಾಗ ಇರ್ತದಂತಿಲ್ಲ. 1956ರ ತನಕ ಉದಗೀರ್, ನಿಲಂಗಾ ನಮ್ಮ ಜಿಲ್ಲಾದಾಗೇ ಇದ್ವು, ಈಗ ಲಾತೂರಿನಾಗ ಅವ. ಜಹೀರಾಬಾದ್ ತೆಲಂಗಾಣಕ್ಕ ಸೇರ್ಯದ. ಗಡಿ ಆಚೆ ಮಹಾರಾಷ್ಟ್ರದಾಗ ಪಹಣಿಗೆ ಸಾತಬಾರಾ ಅನ್ಬೇಕು. ನಮ್ಮ ಬೀಗರ ಹೊಲ ಎರಡೂ ಕಡಿ ಅದ, ಅವರಿಗೆ ಎರಡೂ ಬಾಯಿಪಾಠ.

ನಕಲು ಕೈಗೆ ಬಂದ ಮ್ಯಾಲ ಮೊದಲು ಚಕ್ಕುಬಂದಿ, ಅಂದ್ರ ಹೊಲದ ನಾಲ್ಕೂ ದಿಕ್ಕಿನ ಗಡಿ, ಓದಿಸ್ರಿ. ಹೊಲ ಪೋಡಿ ಆಗಿ, ಅಂದ್ರ ಭಾಗ ಆಗಿ, ಸರ್ವೇ ನಂಬರ್ ಬದಲಾಗಿರ್ತದ. ನಮ್ಮದು ಹೊಂದಿದ್ದು ನಂಬರಿನಿಂದ ಅಲ್ಲ, ಮೂಡಲಕ್ಕ ನಾಲಾ, ಪಡುವಲಕ್ಕ ಕಲ್ಲುಬಾವಿ ಅಂತ ಬರೆದಿತ್ತು, ಅದರಿಂದ. ಕನ್ನಡ ಅನುವಾದ ಮಾಡಿಸಿದ್ರೂ ಉರ್ದು ನಕಲು ಅದರ ಜೋಡಿನೇ ಇಡ್ರಿ, ಕೋರ್ಟಿನಾಗ ಎರಡೂ ಬೇಕಾಗ್ತಾವ.

ಬೀದರಿನಾಗ ಉರ್ದು ಓದೋರು ಬೇಕಾದಷ್ಟು ಮಂದಿ ಅದಾರ. ಆದ್ರ ಆ ಕಾಲದ ಮುನ್ಷಿಗಳ ಕೂಡಿಸಿ ಬರೆದ ಅಕ್ಷರ ಬಿಡಿಸೋರು ಕಮ್ಮಿ ಆಗ್ಯಾರ. ನಮಗ ಓದಿ ಹೇಳಿದ ಮಾಸ್ತರರಿಗೆ ಈಗ ಎಂಬತ್ತು ದಾಟ್ಯದ. ಮುಂದಿನ ವರ್ಷ ನೋಡೋಣ ಅನ್ನಬ್ಯಾಡ್ರಿ. ಈ ದೀಪಾವಳಿಗೆ ಬರ್ರಿ, ಅವರ ಮನಿಗೆ ನಾನೇ ಕರಕೊಂಡು ಹೋಗ್ತೀನಿ.